ಪಂಚಮಿಯೊಳಗೆ ಮುಗಿಸಬೇಕಿದ್ದ ಒಂಬತ್ತು ಕೆಲಸ

ಪ್ರತಿ ವರ್ಷ ನಾಗರ ಪಂಚಮಿಗೆ ಮಗಳು ಧಾರವಾಡದಿಂದ ಗದಗಿಗೆ ಬರುತ್ತಾಳೆ, ಉಂಡಿ ಕಟ್ಟಿಸಿಕೊಂಡು ಹೋಗುತ್ತಾಳೆ. 2024ರಲ್ಲಿ ಅದು ತಿರುವುಮುರುವಾಯಿತು. ಅವಳು ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆಯೊಂದನ್ನು ಕೊಂಡು ನಾಲ್ಕು ತಿಂಗಳಾಗಿತ್ತು. ಅಳಿಯ ಬೆಂಗಳೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುವವರು. ಜುಲೈ ಕೊನೆಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಪಟ್ಟಿ ಬಂತು: ಮುಂಬಾಗಿಲು, ನೀರಿನ ಮೋಟಾರು, ಬಚ್ಚಲ ನಳ, ಫ್ಯಾನು, ಪುಸ್ತಕದ ಹಲಗಿ, ಅಡಗಿಮನಿ ಕಿಟಕಿಯ ಚಿಲಕ, ಕರೆಗಂಟೆ, ಸೋರುವ ಹಂಚು, ಪಂಚಮಿಗೆ ಜೋಕಾಲಿ. ಕೆಳಗೆ ಒಂದು ಸಾಲು: "ಅಪ್ಪಾ, ಈ ಸಲ ನೀನ ಬಾ. ಆದ್ರ ಕೆಲಸ ನಾ ಮಾಡ್ತೀನಿ, ನೀ ಹೇಳಿಕೊಡು."

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಫಿಟ್ಟರ್ ಆಗಿದ್ದವನಿಗೆ ಇದು ದೊಡ್ಡ ಮಾತೇನಲ್ಲ ಅಂದುಕೊಂಡೆ. ಒಂದು ವಾರದ ಲೆಕ್ಕ ಇಲ್ಲಿದೆ. ಖರ್ಚು ಬರೆದಿದ್ದೇನೆ, ತಪ್ಪುಗಳನ್ನೂ ಬರೆದಿದ್ದೇನೆ. ಹಳೇ ಮನೆ ಕೊಂಡ ಮಕ್ಕಳಿರುವವರಿಗೆ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಆಗಸ್ಟ್ 3, ಶನಿವಾರ

ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಸ್ಟೇಷನ್ನಿನಿಂದ ಮಗಳ ಮನೆಗೆ ನಡಿಗೆಯ ದಾರಿ. ಹಾಗಂತ ಚೀಲ ಹೊತ್ತು ನಡೆದೆ, ಅದೇ ಮೊದಲ ತಪ್ಪು. ಮನೆಯಲ್ಲಿ ತೂಗಿದಾಗ ಚೀಲ 14 ಕಿಲೋ ಇತ್ತು: ಪಾನಾಗಳ ಸೆಟ್ಟು, 14 ಇಂಚಿನ ಪೈಪ್ ರೆಂಚು, ಎರಡು ಉಳಿ, ರಂದಾ, ಹ್ಯಾಕ್ಸಾ, ಸ್ಪಿರಿಟ್ ಲೆವೆಲ್, ಓಳಂಬಿ, ಟೇಪು, ಟೆಸ್ಟರು. ಮೇಲೆ ಒಂದು ಡಬ್ಬಿ ಅಳ್ಳಿಟ್ಟು. ಜಿಟಿಜಿಟಿ ಮಳೆ ಬೇರೆ. ಇದರಲ್ಲಿ ಅರ್ಧ ಸಾಮಾನು ಹೊರಗೆ ತೆಗೆಯಲೇ ಇಲ್ಲ. ಡ್ರಿಲ್ಲು ಮಗಳ ಹತ್ತಿರವೇ ಇತ್ತು, ನನ್ನದಕ್ಕಿಂತ ಚೊಲೋದು.

ಅಂದು ಸಂಜೆ ಕರೆಗಂಟೆ ಮಾತ್ರ ಆಯಿತು. ಒತ್ತುಗುಂಡಿಯ ಹಿಂದೆ ಒಂದು ತಂತಿ ಕಳಚಿತ್ತು. ಮೇನ್ ಆಫ್ ಮಾಡಿ, ತಂತಿಯ ತುದಿ ಕೆರೆದು, ಸ್ಕ್ರೂ ಬಿಗಿದದ್ದಕ್ಕೆ ಹತ್ತು ನಿಮಿಷ, ಖರ್ಚು ಸೊನ್ನೆ. ಸುಲಭದ ಕೆಲಸ ಮೊದಲು ಮುಗಿದರೆ ತಲೆ ಸ್ವಲ್ಪ ತಿರುಗುತ್ತದೆ. ನನಗೂ ತಿರುಗಿತು.

ಆಗಸ್ಟ್ 4, ರವಿವಾರ. ಬಾಗಿಲು

ಅವತ್ತು ನಾಗರ ಅಮಾವಾಸ್ಯೆ. ಅಮಾಸಿ ದಿವಸ ಉಳಿ ಸುತ್ತಿಗೆ ಮುಟ್ಟಬ್ಯಾಡ ಅಂತ ನಮ್ಮಾಕಿ ಗದಗಿನಿಂದ ಫೋನ್ ಮಾಡಿ ಹೇಳಿದ್ದಳು. ಕೇಳಲಿಲ್ಲ.

ಮುಂಬಾಗಿಲು ಸಾಗವಾನಿಯದು, ಒಂದೇ ಕದ, ಎತ್ತರ 6 ಅಡಿ 2 ಇಂಚು, ದಪ್ಪ ಒಂದೂವರೆ ಇಂಚು. ಚಿಲಕದ ಬದಿಯ ಮೇಲ್ಮೂಲೆ ಚೌಕಟ್ಟಿಗೆ ತಿಕ್ಕುತ್ತಿತ್ತು. ಭುಜ ಕೊಟ್ಟು ನೂಕದಿದ್ದರೆ ಹಾಕಲು ಬರುತ್ತಿರಲಿಲ್ಲ. ನೋಡಿದ ತಕ್ಷಣ ತೀರ್ಪು ಕೊಟ್ಟೆ: ಮಳೆಗಾಲ, ಕಟ್ಟಿಗಿ ಉಬ್ಬಿದೆ, ಇಲ್ಲವೇ ಚೌಕಟ್ಟು ತಿರುಚಿದೆ. ಇದು ಗದಗಿನ ಬುದ್ಧಿ. ನಮ್ಮ ಕಡೆ ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಪಾಯವನ್ನೇ ಎತ್ತುತ್ತದೆ. ಆಷಾಢ ಬಂತೆಂದರೆ ನಮ್ಮ ಓಣಿಯ ಅರ್ಧ ಬಾಗಿಲು ಕಿರಗುಡುತ್ತವೆ. ಆದರೆ ಇದು ಮಾಳಮಡ್ಡಿ. ಹೆಸರಿನಲ್ಲೇ ಮಡ್ಡಿ ಇದೆ: ಗಟ್ಟಿ ಗರಸು ನೆಲ, ಅಷ್ಟು ಸುಲಭಕ್ಕೆ ಅಲುಗುವುದಲ್ಲ. ಆ ವಿಚಾರ ಆಮೇಲೆ ಹೊಳೆಯಿತು.

ಕದ ಕಳಚದೆ, ನಿಂತಲ್ಲೇ, ಮೇಲಿನ 18 ಇಂಚಿನ ಅಂಚಿಗೆ ರಂದಾ ಹೊಡೆದೆ. ಮಗಳು "ನಾ ಮಾಡ್ತೀನಿ" ಅಂದಳು. "ರಂದಾ ಹಿಡಿಯೋದು ಹುಡುಗಾಟ ಅಲ್ಲ" ಅಂದೆ. 3 ಮಿ.ಮೀ. ಹೋಯಿತು. ಕದ ಸಲೀಸಾಗಿ ಹಾಕಿಕೊಂಡಿತು. ಚಹಾ ಕುಡಿದೆವು. ಒಂದು ತಾಸಿಗೆ ಮತ್ತೆ ಹಿಡಿಯಿತು, ಈ ಸಲ ಕೆಳಗೆ, ಹೊಸ್ತಿಲಿಗೆ.

ನಾನು ಕೆಳಗೆ ಎಷ್ಟು ಕೀಸಬೇಕು ಎಂದು ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಅವಳು ಟಾರ್ಚು ಹಿಡಿದು, ಕದವನ್ನು ಅತ್ತಿಂದಿತ್ತ ಆಡಿಸುತ್ತ ಮೇಲೆ ನೋಡುತ್ತಿದ್ದಳು.

"ಅಪ್ಪಾ, ಇದು ಉಬ್ಬಿಲ್ಲ. ಮ್ಯಾಲಿನ ಬಿಜಾಗರಿ ಉಸರಾಡಾಕತ್ತೈತಿ, ನೋಡು."

ಹೌದು. ಕದ ತೆರೆದಾಗ ಬಿಜಾಗರಿಯ ಎಲೆ ಚೌಕಟ್ಟಿನಿಂದ 2 ಮಿ.ಮೀ. ಈಚೆ ಬರುತ್ತಿತ್ತು, ಹಾಕಿದಾಗ ಒಳಗೆ ಹೋಗುತ್ತಿತ್ತು. ಮೂರು ಸ್ಕ್ರೂನಲ್ಲಿ ಎರಡು ಬೆರಳಿಂದಲೇ ತಿರುಗಿದವು. ಇಷ್ಟು ಭಾರದ ಕದಕ್ಕೆ ಯಾರೋ ಒಂದು ಇಂಚಿನ ಸ್ಕ್ರೂ ಹಾಕಿದ್ದರು. ತೂತುಗಳು ಸವೆದು ಬಾಯಿ ಬಿಟ್ಟಿದ್ದವು. ಕದ ಚಿಲಕದ ಕಡೆ ವಾಲಿತ್ತು, ಅದಕ್ಕೇ ಮೇಲೆ ಚೌಕಟ್ಟಿಗೆ, ಕೆಳಗೆ ಹೊಸ್ತಿಲಿಗೆ ತಾಗುತ್ತಿತ್ತು. ಕೀಸುವ ಕೆಲಸವೇ ಇರಲಿಲ್ಲ.

ರಿಪೇರಿ ಅವಳೇ ಮಾಡಿದಳು. ಕದದ ಕೆಳಗೆ ಎರಡು ಬೆಣೆ ಕೊಟ್ಟು ಭಾರ ಎತ್ತಿದೆವು. ಮೇಲಿನ ಬಿಜಾಗರಿಯ ಎಲೆ ಬಿಚ್ಚಿ, ಸವೆದ ತೂತುಗಳಿಗೆ ದೇವರ ಮನೆಯ ಊದಿನಕಡ್ಡಿಯ ಬಿದಿರು ತುದಿಗಳನ್ನು ಫೆವಿಕಾಲ್ ಹಚ್ಚಿ ಬಡಿದು ತುಂಬಿದಳು, ಒಂದೊಂದಕ್ಕೆ ಐದಾರು. ನಾಲ್ಕು ತಾಸು ಒಣಗಲು ಬಿಟ್ಟು, ಮೇಲ್ಮೈಗೆ ಸಮನಾಗಿ ಕತ್ತರಿಸಿ, 2.5 ಮಿ.ಮೀ. ಬಿಟ್ಟಿನಿಂದ ದಾರಿ ಮಾಡಿ, ಎರಡೂವರೆ ಇಂಚಿನ ಸ್ಕ್ರೂ ಹಾಕಿದಳು. ಕೊನೆಯ ಎರಡು ಸುತ್ತು ಡ್ರಿಲ್ಲಿನಿಂದಲ್ಲ, ಕೈಯಿಂದ. ಇಷ್ಟು ಮಾತ್ರ ನಾನು ಹೇಳಿಕೊಟ್ಟದ್ದು. ಸ್ಕ್ರೂ, ಫೆವಿಕಾಲ್ ಸೇರಿ 85 ರೂಪಾಯಿ. ರವಿವಾರವಾದ್ದರಿಂದ ತೆರೆದ ಅಂಗಡಿ ಹುಡುಕಲು ಮೂರು ಕಡೆ ಅಲೆದದ್ದು ಬೇರೆ.

ಕದ ಸರಿಯಾಗಿ ನಿಂತಿತು. ಆದರೆ ಮೇಲ್ಮೂಲೆಯಲ್ಲಿ ಈಗ 6 ಮಿ.ಮೀ. ಸಂದಿ. ಇರಬೇಕಾದದ್ದು 3, ನಾನು ಕೀಸಿದ್ದು 3. ಅಮಾಸಿ ಮಾತು ನೆನಪಾಯಿತು, ಫೋನಿನಲ್ಲಿ ಹೇಳಲಿಲ್ಲ.

ಆಗಸ್ಟ್ 5, ಸೋಮವಾರ. ಮೋಟಾರು

ಇದೇ ದೊಡ್ಡ ಕೆಲಸ, ಇದರಲ್ಲೇ ನನ್ನ ಎದೆ ನಡುಗಿದ್ದು.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಬರುತ್ತದೆ. 2008ರಲ್ಲೇ ಕೆಲವು ವಾರ್ಡುಗಳಿಗೆ ಪ್ರಯೋಗಕ್ಕೆಂದು 24 ತಾಸು ನೀರು ಕೊಟ್ಟರು. ಮಗಳ ಓಣಿಗೆ ಮಾತ್ರ 2024ರಲ್ಲೂ ಐದಾರು ದಿನಕ್ಕೊಮ್ಮೆ. ಬಂದಾಗ ಸಂಪು ತುಂಬಬೇಕು, ಸಂಪಿನಿಂದ ಅರ್ಧ ಎಚ್‌ಪಿ ಮೋನೋಬ್ಲಾಕ್ ಪಂಪು 500 ಲೀಟರಿನ ಟಾಕಿಗೆ ಎತ್ತಬೇಕು. ಮುಂದಿನ ಸರದಿ ಮಂಗಳವಾರ ಬೆಳಿಗ್ಗೆ. ಸಂಪಿನಲ್ಲಿ ಮುಕ್ಕಾಲು ಅಡಿ ನೀರು ಉಳಿದಿತ್ತು. ಕೆಲಸ ಮಾಡಲು ಇದೇ ಸರಿಯಾದ ದಿನ, ಕೆಡಿಸಿದರೆ ಮುಂದಿನ ವಾರದ ತನಕ ಕೊಡಪಾನ ಹೊರುವುದು.

ದೂರು ಇದು: ಮೋಟಾರು ತಿರುಗುತ್ತದೆ, ನೀರು ಏರುವುದಿಲ್ಲ. ಪ್ರತಿ ಸಲ ಪಂಪಿನ ಮೇಲಿನ ಬಾಯಿಗೆ ತಂಬಿಗೆಯಿಂದ ನೀರು ಹಾಕಿ ಚಾಲೂ ಮಾಡಬೇಕು. ನಾಲ್ಕು ತಿಂಗಳಿಂದ ಹೀಗೇ ನಡೆದಿದೆ. ನೋಡಿ ಹೋದ ಪ್ಲಂಬರ್ ಒಬ್ಬರು "ಮೋಟಾರ್ ಹೋಗೇತಿ, ಹೊಸಾದಕ್ಕ 6,800" ಅಂದಿದ್ದರಂತೆ.

ನಿನ್ನೆಯ ಬುದ್ಧಿ ಇತ್ತು, ಮೊದಲು ಪಾನಾ ಮುಟ್ಟಲಿಲ್ಲ. ಟೆಸ್ಟರು ತೆಗೆದು, ಮೋಟಾರು ಚಾಲೂ ಇದ್ದಾಗ ಅದರ ಮೈಗೆ ಹಿಡಿದೆ. ಟೆಸ್ಟರಿನ ದೀಪ ಮಂಕಾಗಿ ಹತ್ತಿತು.

ಒಂದು ಕ್ಷಣ ಏನೂ ತೋಚಲಿಲ್ಲ. ಮಗಳು ತಂಬಿಗೆ ಹಿಡಿದು ಬರಿಗಾಲಲ್ಲಿ ಪಕ್ಕದಲ್ಲೇ ನಿಂತಿದ್ದಳು. ಎಷ್ಟು ಜೋರಾಗಿ ಚೀರಿದೆನೆಂದರೆ ಎದುರು ಮನೆಯವರು ಹೊರಗೆ ಬಂದರು.

ಮೇನ್ ಆಫ್ ಮಾಡಿ ಪ್ಲಗ್ ಬಿಚ್ಚಿದೆ. ಮೂರು ಪಿನ್ನಿನ ಪ್ಲಗ್, ಒಳಗೆ ಎರಡೇ ತಂತಿ. ಯಾರೋ ಹಿಂದಿನವರು ಎರಡು ಎಳೆಯ ವಾಯರಿನಿಂದ ಉದ್ದ ಮಾಡಿದ್ದರು, ಅರ್ಥಿಂಗ್ ಪಿನ್ ಸುಮ್ಮನೆ ಅಲಂಕಾರಕ್ಕೆ. ಮೋಟಾರಿನ ತಂತಿ ಪೆಟ್ಟಿಗೆಯ ರಬ್ಬರ್ ಒಡೆದು ಒಳಗೆ ಹಸಿ ಇಳಿದಿತ್ತು, ಕರೆಂಟು ಮೈಗೆ ಬರಲು ಅದೇ ದಾರಿ. ನಾಲ್ಕು ತಿಂಗಳು, ಎರಡು ದಿನಕ್ಕೊಮ್ಮೆ, ಒದ್ದೆ ನೆಲದ ಮೇಲೆ ನಿಂತು ಅವಳು ಇದಕ್ಕೇ ನೀರು ಹೊಯ್ದಿದ್ದಾಳೆ. ಏಪ್ರಿಲ್‌ನಿಂದ ಮೂರು ಸಲ ಈ ಮನೆಗೆ ಬಂದು ಹೋಗಿದ್ದೇನೆ, ಗೋಡೆಯ ಬಣ್ಣದ ಬಗ್ಗೆ ಮಾತಾಡಿದ್ದೇನೆ, ಮೋಟಾರಿನ ಕಡೆ ತಲೆ ಹಾಕಿರಲಿಲ್ಲ. ಈ ಇಡೀ ಲೆಕ್ಕದಲ್ಲಿ ದೊಡ್ಡ ತಪ್ಪು ಇದು.

ನಾನು ಫಿಟ್ಟರ್, ಎಲೆಕ್ಟ್ರಿಷಿಯನ್ ಅಲ್ಲ. ಪೆಟ್ಟಿಗೆ ಒರೆಸಿ, ಒಣಗಿಸಿ, ಹೊಸ ರಬ್ಬರ್ ಕೂಡಿಸಿದೆವು. ಮೂರು ಎಳೆಯ 2.5 ಚದರ ಮಿ.ಮೀ. ವಾಯರ್, ಹೊಸ ಪ್ಲಗ್ ತಂದೆವು, 520 ರೂಪಾಯಿ. ಜೋಡಿಸಲು ಪರಿಚಯದ ಎಲೆಕ್ಟ್ರಿಷಿಯನ್ನರನ್ನು ಕರೆದೆವು. ಅವರು ಮೀಟರ್ ಹಚ್ಚಿ ಸುರುಳಿ ಸರಿ ಇದೆ, ಮನೆಯ ಅರ್ಥಿಂಗೂ ಸರಿ ಇದೆ ಎಂದು ನೋಡಿ, ಮೋಟಾರಿನ ಮೈಗೆ ಹಸಿರು ತಂತಿ ಬಿಗಿದು, ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು, ಕೂಡಿಸಿದರು. ಕೂಲಿ ಸಮೇತ 2,250. ಈ ವಾರ ಖರ್ಚಾದದ್ದರಲ್ಲಿ ಇದಕ್ಕೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ.

ಆಮೇಲೆ ನೀರಿನ ಕಥೆ. ಪಂಪಿನ ಬಾಯಿಗೆ ತುಂಬ ನೀರು ಹಾಕಿ, ಮೋಟಾರು ಬಂದ್ ಇಟ್ಟು, ಗಡಿಯಾರ ನೋಡುತ್ತ ನಿಂತೆವು. ಎರಡು ನಿಮಿಷದಲ್ಲಿ ನೀರು ಇಂಗಿತು. ಅಂದರೆ ಪೈಪಿನ ನೀರು ಹಿಂದಕ್ಕೆ ಇಳಿಯದಂತೆ ತಡೆಯಬೇಕಾದ, ಸಂಪಿನ ತಳದಲ್ಲಿರುವ ಫುಟ್‌ವಾಲ್ವ್ ನೀರು ಹಿಡಿಯುತ್ತಿಲ್ಲ. ಮೋಟಾರಿಗೆ ಏನೂ ಆಗಿರಲಿಲ್ಲ.

ಯೂನಿಯನ್ (ಪೈಪಿನ ಬಿಚ್ಚುವ ಜೋಡಣೆ) ಬಿಚ್ಚಿ ಪೈಪನ್ನು ಮೇಲಿಂದಲೇ ಎಳೆದೆವು. ಸಂಪಿನೊಳಗೆ ಇಳಿಯುತ್ತೇನೆ ಅಂದಳು, ಬಿಡಲಿಲ್ಲ. ಮುಚ್ಚಿದ ಸಂಪಿನಲ್ಲಿ ಗಾಳಿ ಹೇಗಿರುತ್ತದೆಂದು ಮೇಲಿಂದ ಗೊತ್ತಾಗುವುದಿಲ್ಲ. ಒಂದಿಂಚಿನ ಪಿವಿಸಿ, ಆರೂವರೆ ಅಡಿ. ತುದಿಯ ಪ್ಲಾಸ್ಟಿಕ್ ಫುಟ್‌ವಾಲ್ವಿನ ಜಾಳಿಗೆಯಲ್ಲಿ ಕೆಸರು ಕಟ್ಟಿತ್ತು, ಒಳಗಿನ ರಬ್ಬರಿನ ಕೆಳಗೆ ಗೋದಿಕಾಳಿನಷ್ಟು ಹರಳು.

ಮೊದಲ ಪ್ರಯತ್ನ: ತೊಳೆದು, ಹರಳು ತೆಗೆದು, ಮತ್ತೆ ಹಾಕಿದೆ. 20 ನಿಮಿಷ ನಿಂತಿತು, ಆಮೇಲೆ ಮೊದಲಿನಂತೆ. ರಬ್ಬರ್ ಗಟ್ಟಿಯಾಗಿ ಅಂಚು ಸೀಳಿತ್ತು. 480 ರೂಪಾಯಿ ಉಳಿಸಲು ಹೋಗಿ ಎರಡು ತಾಸು ಕಳೆದೆ.

ಎರಡನೆಯದು: ಸುಭಾಸ ರಸ್ತೆಗೆ ಹೋಗಿ ಹಿತ್ತಾಳೆಯ ಫುಟ್‌ವಾಲ್ವ್, ಹೊಸ ಪೈಪು, ಯೂನಿಯನ್, ಟೆಫ್ಲಾನ್ ಟೇಪು ತಂದೆವು. ವಾಲ್ವನ್ನು ಈ ಸಲ ತಳದಿಂದ 6 ಇಂಚು ಮೇಲೆ ನಿಲ್ಲಿಸಿದೆವು, ಕೆಸರು ಎಳೆಯದಿರಲಿ ಅಂತ. ಚಾಲೂ ಮಾಡಿದರೆ ನೀರು ಬಂತು, ಆದರೆ ಉಗುಳುತ್ತ, ಗುಳುಗುಳು. ಎಲ್ಲೋ ಗಾಳಿ ಎಳೆಯುತ್ತಿದೆ.

ಹೀರುವ ಬದಿಯ ಸೋರಿಕೆ ಹೊರಗೆ ಹನಿಯುವುದಿಲ್ಲ, ಒಳಗೆ ಎಳೆಯುತ್ತದೆ. ಸಾಬೂನಿನ ನೊರೆ ಹಚ್ಚಿ ಕಾಯುವುದರಲ್ಲಿ ಅರ್ಥವಿಲ್ಲ. ಮಗಳು ಒಳಗಿನಿಂದ ಚಪಾತಿಗೆ ನಾದಿಟ್ಟ ಕಣಕ ತಂದು ಒಂದೊಂದೇ ಜೋಡಣೆಯ ಸುತ್ತ ಮೆತ್ತುತ್ತ ಹೋದಳು. ಯೂನಿಯನ್ನಿಗೆ ಮೆತ್ತಿದೊಡನೆ ನೀರು ಒಂದೇ ಧಾರೆಯಾಗಿ ಸುರಿಯಿತು. ಆ ಜೋಡಣೆ ಯಾರದು? ನನ್ನದು. ವರ್ಕ್‌ಶಾಪಿನಲ್ಲಿ ನಾವು ಸಣಬಿನ ನಾರು, ಸಫೇದಾ ಹಚ್ಚಿ ಬೆಳೆದವರು. ಈ ಬಿಳಿ ಟೇಪನ್ನು ನಾನು ನಾಲ್ಕೇ ಸುತ್ತು, ಅದೂ ಉಲ್ಟಾ ಸುತ್ತಿದ್ದೆ. ಬಿಗಿಯುವಾಗ ಅದು ಸುರುಳಿಯಾಗಿ ಹೊರಗೆ ಬಂದುಬಿಟ್ಟಿತ್ತು. ಪೈಪಿನ ಚೂಡಿಯ (ತಿರುಪಿನ ಗೆರೆಗಳ) ಬಾಯಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಬೇಕು, ಎಳೆದು ಹಿಡಿದು, ಇಂಥ ಪೈಪಿಗೆ ಹತ್ತು ಹನ್ನೆರಡು ಸುತ್ತು. ಅವಳು ಸುತ್ತಿದಳು. ಪೈಪು, ಯೂನಿಯನ್, ಟೇಪು ಸೇರಿ 410.

ಬೆಳಿಗ್ಗೆ ತಂಬಿಗೆಯಿಂದ ನೀರು ಹಾಕಿ ಓಡಿಸಿದಾಗ 15 ಲೀಟರಿನ ಬಕೆಟ್ ತುಂಬಲು 52 ಸೆಕೆಂಡ್ ಹಿಡಿದಿತ್ತು. ಈಗ 30. ಟಾಕಿ ತುಂಬಲು ಮೊದಲು ಅರ್ಧ ತಾಸು ಬೇಕಿತ್ತು, ಈಗ 17 ನಿಮಿಷ. ಮಂಗಳವಾರ ನಸುಕಿನಲ್ಲಿ ನೀರು ಬಂತು, ಸಂಪು ತುಂಬಿತು. ಒಳಗಿನಿಂದ ಗುಂಡಿ ಒತ್ತಿದರೆ ಸಾಕು, ನೀರು ಏರಿತು. ಅವಳು ಆ ತಂಬಿಗೆಯನ್ನು ತೊಳೆದು ದೇವರ ಮನೆಯಲ್ಲಿಟ್ಟಳು. ನಾನು ಏನೂ ಅನ್ನಲಿಲ್ಲ.

ಆಗಸ್ಟ್ 6, ಮಂಗಳವಾರ. ಪುಸ್ತಕದ ಹಲಗಿ

ಅವಳ ಹತ್ತಿರ ನಾಲ್ಕು ಪೆಟ್ಟಿಗೆ ಪುಸ್ತಕ, ಇನ್ನೂ ನೆಲದ ಮೇಲೆ. ಗೋಡೆಗೆ ಬ್ರ್ಯಾಕೆಟ್ ಹೊಡೆದು ಮೂರು ಹಲಗಿ ಕೂಡಿಸುವುದೆಂದು ಯೋಜನೆ. 8 ಮಿ.ಮೀ. ಬಿಟ್ಟು ಹಾಕಿ ಡ್ರಿಲ್ ಹಿಡಿದೆ. ಮೊದಲು ಬಿಳಿ ಪುಡಿ ಬಂತು, ಸುಣ್ಣದ ಗಿಲಾವು. ನಂತರ ಕೆಂಪು, ಇಟ್ಟಂಗಿ. ಆಮೇಲೆ ಮೆತ್ತಗೆ, ಕಂದು ಮಣ್ಣು. ಹಳೇ ಗೋಡೆ, ಇಟ್ಟಂಗಿಗಳ ನಡುವೆ ಸಿಮೆಂಟಿಲ್ಲ, ಬರೀ ಮಣ್ಣು. ಪ್ಲಾಸ್ಟಿಕ್ ಗುಟ್ಟಿ ಹಾಕಿ ಸ್ಕ್ರೂ ತಿರುಗಿಸಿದರೆ ಗುಟ್ಟಿಯೂ ಜೊತೆಗೆ ತಿರುಗಿತು.

ಆಗ ನಿಲ್ಲಿಸಬೇಕಿತ್ತು. "ದೊಡ್ಡ ಗುಟ್ಟಿ ಹಾಕಿದ್ರ ಹಿಡೀತದ" ಅಂದು 12ರ ಬಿಟ್ಟು ಹಾಕಿ, ಹ್ಯಾಮರ್ ಗುಂಡಿ ಒತ್ತಿದೆ. ಊಟದ ತಾಟಿನಷ್ಟು ಗಿಲಾವು ಕಿತ್ತು ನೆಲಕ್ಕೆ ಬಿತ್ತು. ಧೂಳು ಇಳಿಯುವ ತನಕ ಇಬ್ಬರೂ ಮಾತಾಡಲಿಲ್ಲ.

ಅವಳೇ ಪಕ್ಕದ ಗೋಡೆ ತೋರಿಸಿದಳು. "ಇಲ್ಲೆ ಮಾಡ ಐತಲ್ಲ. ಗ್ವಾಡಿಗೆ ನೇತು ಹಾಕೋದ್ಯಾಕ? ಅದರಾಗ ಹಲಗಿ ಕುಂದ್ರಸಿದ್ರ?"

ಹಳೇ ಮನೆಯ ದಪ್ಪ ಗೋಡೆಯಲ್ಲಿ ದೊಡ್ಡ ಮಾಡ, ಎತ್ತರ ನಾಲ್ಕೂವರೆ ಅಡಿ, ಆಳ 11 ಇಂಚು. ಹಿಂದಿನವರು ಅದರಲ್ಲಿ ಹಾಸಿಗೆ ಒಟ್ಟುತ್ತಿದ್ದರಂತೆ. ಮೂರು ಹಲಗಿ, ಎರಡೂ ಬದಿಗೆ ಕಟ್ಟಿಗೆಯ ಆಧಾರಪಟ್ಟಿ. ಪಟ್ಟಿಗಳನ್ನು ಗೋಡೆಗೆ ನೆಚ್ಚದೆ, ಕೆಳಗಿನಿಂದ ಮೇಲಕ್ಕೆ ಕಾಲು ಕೊಟ್ಟು ಒಂದರ ಮೇಲೊಂದು ನಿಲ್ಲಿಸಿದೆವು, ಭಾರ ನೇರ ಮಾಡದ ತಳಕ್ಕೆ ಹೋಗುವಂತೆ. ಗೋಡೆಯ ಸ್ಕ್ರೂ ಪಟ್ಟಿ ಅಲುಗದಿರಲು ಮಾತ್ರ.

ಇಲ್ಲೂ ಒಂದು ತಪ್ಪು. ಮಾಡದ ಮುಂಬದಿಗೆ ಟೇಪು ಹಿಡಿದೆ, 34½ ಇಂಚು. ಅದೇ ಅಳತೆಗೆ 18 ಮಿ.ಮೀ. ಪ್ಲೈ ಮೂರು ತುಂಡು ಕೊಯ್ಯಿಸಿ ತಂದೆ. ಒಂದೂ ಒಳಗೆ ಹೋಗಲಿಲ್ಲ. ಮಾಡದ ಹಿಂಬದಿಯಲ್ಲಿ 33¾ ಮಾತ್ರ ಇತ್ತು, ಅದೂ ಮೇಲೊಂದು ಕೆಳಗೊಂದು. ಹಳೇ ಮನೆಯಲ್ಲಿ ಮೂಲೆಗಳು ಕಾಟಕೋನದಲ್ಲಿರುವುದಿಲ್ಲ ಅಂತ ಗೊತ್ತಿದ್ದೂ ಮಾಡಿದ್ದು. ಹಿಂಬದಿಗೆ ಕೊಯ್ಯುತ್ತ ಹೋಗಿ ಒಂದು ತುಂಡು ಪೂರ್ತಿ ಕೆಟ್ಟಿತು, ಇನ್ನೊಂದು ತಂದೆವು. ಈ ಸಲ ಮಗಳು ರಟ್ಟಿನ ಪೆಟ್ಟಿಗೆ ಕತ್ತರಿಸಿ, ಒಂದೊಂದು ಹಲಗಿಯ ಜಾಗಕ್ಕೂ ಬೇರೆ ಬೇರೆ ಅಚ್ಚು ಮಾಡಿ, ನಂಬರ್ ಬರೆದು, ಅದರ ಮೇಲೆ ಗೀಟು ಎಳೆದು ಕೊಯ್ದಳು. ಮೂರೂ ಕೈಯಿಂದ ಒತ್ತಿದರೆ ಕೂಡುವಂತೆ ಬಂದವು. ಕೆಟ್ಟದ್ದೂ ಸೇರಿ ಪ್ಲೈಗೆ 1,350.

ಕಿತ್ತ ಗಿಲಾವಿಗೆ ಸಿಮೆಂಟು ಮೆತ್ತಲು ಹೊರಟಿದ್ದೆ. ಓಣಿಯಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಗೌಂಡಿಯೊಬ್ಬರು ನೋಡಿ ಬೈದರು: ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಿದರೆ ಹಸಿ ಹೊರಗೆ ಬರದೆ ಸುತ್ತಲಿನದೂ ಉದುರುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಜರಡಿ ಹಿಡಿದ ಉಸುಕು, ಗೋಡೆಗೆ ಮೊದಲು ಚೆನ್ನಾಗಿ ನೀರು ಚಿಮುಕಿಸಿ, ಎರಡು ಪದರು. 120 ರೂಪಾಯಿ. ಬಣ್ಣ ಮಳೆ ಹೋದ ಮೇಲೆ.

ಆಗಸ್ಟ್ 7, ಬುಧವಾರ. ರೊಟ್ಟಿ ಪಂಚಮಿ

ದಿನವಿಡೀ ಮಳೆ. ಸಣ್ಣವು ಮುಗಿದವು. ಫ್ಯಾನು ಐದರಲ್ಲೂ ಎರಡರಂತೆ ತಿರುಗುತ್ತಿತ್ತು. ಮೇನ್ ಬಂದ್ ಮಾಡಿ 2.5 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬದಲಿಸಿದಳು, 70 ರೂಪಾಯಿ. ಬಚ್ಚಲ ನಳಕ್ಕೆ ವಾಶರ್, ಮೊದಲು ತಂದದ್ದು ಅಳತೆ ತಪ್ಪಿ ಎರಡನೇ ಸಲ ಹೋಗಿ, 40. ಕಿಟಕಿ ಚಿಲಕ 60. ನಾನು ಕಟ್ಟೆಯ ಮೇಲೆ ಕೂತು ಸಜ್ಜಿ ರೊಟ್ಟಿ, ಪುಂಡಿಪಲ್ಲೆ ತಿಂದೆ. ಅವಳು ನಡುನಡುವೆ ಬಂದು "ಇದು ಹಿಂಗs ಹೌದಲ್ಲ?" ಅನ್ನುತ್ತಿದ್ದಳು. ಮೂರನೇ ಸಲದ ನಂತರ ಅದೂ ನಿಂತಿತು.

ಆಗಸ್ಟ್ 8, ಗುರುವಾರ. ತೊಲೆ

ಪಡಸಾಲೆಯ ತೊಲೆಗೆ ಹಳೇ ಕಬ್ಬಿಣದ ಕೊಂಡಿಗಳೆರಡು ಇವೆ, ತೊಟ್ಟಿಲು ಕಟ್ಟಲು ಹಾಕಿದ್ದಿರಬೇಕು. ಜೋಕಾಲಿ ಅಲ್ಲೇ ಎಂದು ಮಗಳ ಆಸೆ. ಮನೆ ಕೊಳ್ಳುವಾಗಲೇ ಆ ಕೊಂಡಿ ನೋಡಿ ಮನಸ್ಸು ಮಾಡಿದ್ದಳಂತೆ.

ಕೊಂಡಿ ಗಟ್ಟಿ ಇದ್ದವು. ಪಾನಾ ಸಿಗಿಸಿ ಜೋತುಬಿದ್ದು ನೋಡಬಹುದಿತ್ತು, ನಾಲ್ಕು ದಿನದ ಹಿಂದಿನ ನಾನಾಗಿದ್ದರೆ ನೋಡುತ್ತಿದ್ದೆ. ಏಣಿ ಹಾಕಿ ಸುತ್ತಿಗೆಯ ಹಿಡಿಕೆಯಿಂದ ತೊಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತ ಹೋದೆವು. ಠಣ್ ಠಣ್ ಅನ್ನುತ್ತಿದ್ದುದು ಹಿತ್ತಲ ಕಡೆಯ ಗೋಡೆಗೆ ಎರಡು ಅಡಿ ಇರುವಾಗ ದಬದಬ ಆಯಿತು. ಸ್ಕ್ರೂಡ್ರೈವರ್ ಒತ್ತಿದರೆ 40 ಮಿ.ಮೀ. ಒಳಗೆ ಹೋಯಿತು, ಬೆಣ್ಣೆಗೆ ಹೋದಂತೆ. ಕಟ್ಟಿಗೆ ಚೌಕ ಚೌಕ ಬಿರಿದು, ಬೆರಳಲ್ಲಿ ತಿಕ್ಕಿದರೆ ಕಂದು ಪುಡಿ. ಗೆದ್ದಲಲ್ಲ, ಕೊಳೆತದ್ದು. ಪಟ್ಟಿಯ ಎಂಟನೇ ಕೆಲಸ, ಸೋರುವ ಹಂಚು, ಸರಿಯಾಗಿ ಅದರ ಮೇಲೇ ಇತ್ತು. ಒಡೆದ ಎರಡು ಹಂಚಿನ ನೀರು ಜಂತಿ ಹಿಡಿದು ಇಳಿದು, ತೊಲೆ ಗೋಡೆಯ ಮೇಲೆ ಕೂರುವ ಜಾಗಕ್ಕೇ ಸೇರಿದೆ. ಎಷ್ಟು ವರ್ಷದಿಂದಲೋ.

"ನಡುವ ಕಟ್ಟಿದ್ರ? ನಡುವ ಗಟ್ಟಿ ಐತಿ" ಅಂದಳು. ಕೂರುವ ತುದಿಯೇ ಹೋದರೆ ನಡುವೆ ಗಟ್ಟಿಯಿದ್ದು ಏನು ಮಾಡುವುದು. ಇಲ್ಲ ಅಂದೆ. ಇಡೀ ವಾರದಲ್ಲಿ ನಾನು ಹಟ ಹಿಡಿದು ಗೆದ್ದದ್ದು ಇದೊಂದೇ, ಆದರೆ ಅವಳ ಮುಖ ನೋಡಿದ ಮೇಲೆ ಗೆದ್ದ ಖುಷಿ ಇರಲಿಲ್ಲ.

ಮಳೆಯಲ್ಲಿ ಹಂಚಿನ ಮೇಲೆ ಹತ್ತುವುದು ಆಗದ ಮಾತು. ಒಡೆದ ಹಂಚಿನ ಕೆಳಗೆ ಒಳಗಿನಿಂದ ತಾಡಪತ್ರಿ ಸಿಗಿಸಿ ನೀರು ಬೇರೆ ಕಡೆ ತಿರುಗಿಸಿದೆವು. ತೊಲೆಯ ಗಟ್ಟಿ ಭಾಗಕ್ಕೆ, ಗೋಡೆಯಿಂದ ಎರಡೂವರೆ ಮತ್ತು ಮೂರೂವರೆ ಅಡಿಗೆ, ಕಟ್ಟಡದವರು ಬಳಸುವ ಕಬ್ಬಿಣದ ಜಾಕ್ ಎರಡು ಬಾಡಿಗೆಗೆ ತಂದು ಕೊಟ್ಟೆವು. ಕೆಳಗೂ ಮೇಲೂ ಹಲಗಿ ತುಂಡು, ಕೈಬಿಗಿತದ ಮೇಲೆ ಕಾಲು ಸುತ್ತು ಮಾತ್ರ. ಹೆಚ್ಚು ತಿರುವಿದರೆ ಮೇಲಿನ ಹಂಚೇ ಎದ್ದು ಬರುತ್ತದೆ. ತಿಂಗಳಿಗೆ 600.

ಸಂಜೆ ನಮ್ಮಾಕಿ ಗದಗಿನಿಂದ ಬಂದಳು, ಶೇಂಗಾ ಉಂಡಿ, ಎಳ್ಳುಂಡಿ, ಬುಂದೆ ಉಂಡಿ ಹೊತ್ತು. ಪಡಸಾಲೆಯಲ್ಲಿ ನಿಂತ ಜಾಕ್ ನೋಡಿ, "ಜೋಕಾಲಿ ಎಲ್ಲಿ?" ಅಂದಳು. ಹೇಳಿದೆವು. "ನಾವೇನ್ ಮನ್ಯಾಗ ಜೀಕಿ ಬೆಳದವರಾ? ಹಿತ್ತಲದಾಗ ಗಿಡ ಇಲ್ಲೇನು?"

ಇತ್ತು. ಆಪೂಸ ಮಾವಿನ ಗಿಡ, ಹಳೇದು. ನೆಲದಿಂದ 11 ಅಡಿಗೆ ಅಡ್ಡ ಹೋದ ಟೊಂಗೆ, ಸುತ್ತಳತೆ 26 ಇಂಚು, ಹಸಿರು ಎಲೆ ತುಂಬಿದ್ದು, ಬುಡದಲ್ಲಿ ಬಿರುಕಿಲ್ಲ. 18 ಮಿ.ಮೀ. ನೈಲಾನ್ ಹಗ್ಗ 540 ರೂಪಾಯಿ. ತೊಗಟೆ ಕೊಯ್ಯದಿರಲೆಂದು ಟೊಂಗೆಗೆ ಗೋಣಿತಟ್ಟು ಸುತ್ತಿ ಕಟ್ಟಿದೆವು. ಆಸನಕ್ಕೆ ಮನೆಯಲ್ಲೇ ಬಿದ್ದಿದ್ದ ಸಾಗವಾನಿ ತುಂಡು, 24 ಇಂಚು ಉದ್ದ, 9 ಅಗಲ.

ಬದಿಗೊಂದರಂತೆ ಎರಡು ತೂತು ಹೊಡೆದು ಹಗ್ಗ ಪೋಣಿಸಿದೆ. ಪರೀಕ್ಷೆಗೆ ಕೂತೆ. ಹಲಗಿ ತಟ್ಟನೆ ಮಗುಚಿತು, ನಾನು ಕೆಸರಿನಲ್ಲಿ ಅಂಗಾತ. ಆಸನ ನೆಲದಿಂದ ಒಂದೂವರೆ ಅಡಿ ಮಾತ್ರ ಇದ್ದದ್ದರಿಂದ ಪಂಚೆಗಷ್ಟೇ ಪೆಟ್ಟು. ನಾಲ್ಕು ಮೂಲೆಗೆ ನಾಲ್ಕು ತೂತು ಬೇಕು, ಹಗ್ಗ ಹಲಗಿಯ ಅಡಿಯಲ್ಲಿ ಕತ್ತರಿಯಂತೆ ದಾಟಿ ಮೇಲೆ ಬರಬೇಕು. ನಮ್ಮಾಕಿಗೆ ಇದು ಎಂಟನೇ ವಯಸ್ಸಿನಿಂದ ಗೊತ್ತಂತೆ, ಬಿದ್ದ ಮೇಲೆ ಹೇಳಿದಳು.

ರಾತ್ರಿ ಪಕ್ಕದ ಕಟ್ಟಡದವರಿಂದ 40 ಕಿಲೋದ ಮೂರು ಉಸುಕಿನ ಚೀಲ ಕೇಳಿ ತಂದು ಹಲಗಿಯ ಮೇಲೆ ಹೇರಿ ಬಿಟ್ಟೆವು.

ಆಗಸ್ಟ್ 9, ಶುಕ್ರವಾರ. ಪಂಚಮಿ

ಬೆಳಿಗ್ಗೆ ಚೀಲಗಳು ಜೋಕಾಲಿಯಲ್ಲೇ ಇದ್ದವು, ಟೊಂಗೆ ಜಗ್ಗಿರಲಿಲ್ಲ. ಹೊಸ ನೈಲಾನ್ ಹಗ್ಗ ಮಾತ್ರ 5 ಇಂಚು ಹಿಗ್ಗಿತ್ತು. ಮೇಲೆ ಎಳೆದು ಮತ್ತೆ ಗಂಟು ಹಾಕಿದೆವು. ಗಂಟು ಮಗಳು ಹಾಕಿದಳು. ನಾನು ಎರಡು ಸಲ ಜಗ್ಗಿ ನೋಡಿದೆ, ಅವಳು ನೋಡದಿದ್ದಾಗ ಮೂರನೇ ಸಲ.

ಮೊದಲು ಜೀಕಿದ್ದು ನಮ್ಮಾಕಿ. ಅರವತ್ತರ ಮೊಣಕಾಲು ಅಂತ ಹೇಳುವವಳು ಟೊಂಗೆಯ ಎಲೆ ಕಾಲಿಗೆ ತಾಗುವ ತನಕ ಹೋದಳು. ಓಣಿಯ ಹುಡುಗರು ಸಾಲು ಹಿಡಿದರು. ಮಧ್ಯಾಹ್ನ ಅಳಿಯ ಬಂದರು, ಅವರಿಗೆ ಹನ್ನೊಂದನೇ ಸರದಿ.

ಖರ್ಚು ಒಟ್ಟು 6,525 ರೂಪಾಯಿ, ಆ ಹೊಸ ಮೋಟಾರಿಗೆ ಹೇಳಿದ್ದಕ್ಕಿಂತ 275 ಕಡಿಮೆ. ಉಳಿದದ್ದು ಎರಡು ಕೆಲಸ. ಹಂಚು ಮಳೆ ನಿಂತ ಮೇಲೆ, ತೊಲೆ ಅದರ ಬೆನ್ನಿಗೆ. ತೊಲೆಯ ತುದಿ ಕೊಯ್ದು ಹೊಸ ತುಂಡು ಕೂಡಿಸುವುದೋ, ಕೆಳಗೆ ಕಾಯಂ ಕಂಬ ಕೊಡುವುದೋ, ಬಡಿಗ್ಯಾರು ನೋಡಿ ಹೇಳಬೇಕು. ದೀಪಾವಳಿಗೆ ಮತ್ತೆ ಬರುತ್ತೇನೆ ಎಂದಿದ್ದೇನೆ. ರಂದಾ ಅಲ್ಲೇ ಬಿಟ್ಟು ಬಂದೆ, ಅವಳೇ ಕೇಳಿ ಇಟ್ಟುಕೊಂಡಳು. ವಾಪಸ್ ಬರುವಾಗ ಚೀಲ 12 ಕಿಲೋ.

ರೈಲು ಹುಬ್ಬಳ್ಳಿ ದಾಟುವಾಗ ಫೋನ್ ಬಂತು. "ಅಪ್ಪಾ, ಬಾಗಲಾ ಹಾಕೀನಿ. ನೀ ಕೀಸಿದ ಸಂದ್ಯಾಗಿಂದ ಮರಿ ಹಲ್ಲಿ ಒಳಗ ಬಂತು."